ಹಳದಿ ಟೋಪಿಯವರ ಹಾಲು

ಬೆಳಗಿನ ಹತ್ತು ಗಂಟೆಗೆ ರಿಜಾಲಿನ್‌ಳ ಎದೆ ತುಂಬುತ್ತಿತ್ತು. ಅವಳು ಗಡಿಯಾರ ನೋಡಬೇಕಾಗಿರಲಿಲ್ಲ. ಮನೆಯಲ್ಲಿ ಮಗು ಹಸಿದು ಅಳುವ ಹೊತ್ತು ಅದು. ಇಲ್ಲಿ ಅವಳ ಎದೆ ಕಲ್ಲಾಗುತ್ತಿತ್ತು. ಮೊದಲು ಬಿಗಿತ, ಆಮೇಲೆ ಉರಿ, ಆಮೇಲೆ ಒದ್ದೆ. ಮೇಲೆ ರಬ್ಬರಿನ ಏಪ್ರನ್ ಇದ್ದುದರಿಂದ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹಾಲು ಒಳಗೊಳಗೇ ಇಳಿದು, ಹೊಟ್ಟೆ ದಾಟಿ, ಪ್ಯಾಂಟಿನ ಪಟ್ಟಿಯಲ್ಲಿ ಬಂದು ನಿಲ್ಲುತ್ತಿತ್ತು.

ಕೈ ಮಾತ್ರ ನಿಲ್ಲುವಂತಿರಲಿಲ್ಲ.

ಫಿಲಿಪ್ಪೀನ್ಸಿನ ಜೆನ್‌ಸಾನ್ ಬಂದರಿನ ಹಿಂದೆ ಸಾಲಾಗಿ ನಿಂತ ಟ್ಯೂನಾ ಡಬ್ಬಿ ಕಾರ್ಖಾನೆಗಳಲ್ಲಿ ಅದೂ ಒಂದು. ಬೇಯಿಸಿದ ಮೀನು ತಟ್ಟೆಗಟ್ಟಲೆ ಮೇಜಿಗೆ ಬರುತ್ತದೆ. ತಲೆ ಮುರಿಯಬೇಕು. ಚರ್ಮ ಕೆರೆಯಬೇಕು. ಮುಳ್ಳು ಕೀಳಬೇಕು. ಬಿಳಿ ಮಾಂಸ ಬೇರೆ, ಕಪ್ಪು ಮಾಂಸ ಬೇರೆ. ಬಿಳಿಯದು ಕಡಲಾಚೆಯ ಜನರ ಡಬ್ಬಿಗೆ, ಕಪ್ಪು ಅವರ ಬೆಕ್ಕುಗಳ ಡಬ್ಬಿಗೆ. ಬೂಟು ಹಾಕಿಕೊಂಡು ನೀರಿನಲ್ಲಿ ದಿನಕ್ಕೆ ಹತ್ತು ತಾಸು ನಿಲ್ಲಬೇಕು. ಕಡಲಾಚೆಯ ಬೆಕ್ಕಿಗೆ ಹೊತ್ತಿಗೆ ಸರಿಯಾಗಿ ಊಟ ಹೋಗುತ್ತಿತ್ತು. ರಿಜಾಲಿನ್‌ಳ ಮಗಳಿಗೆ ಹೋಗುತ್ತಿರಲಿಲ್ಲ.

ಒಂದು ಸಾಲಿಗೆ ನಲವತ್ತು ಹೆಂಗಸರು. ನಲವತ್ತು ಹೆಂಗಸರಿಗೆ ಒಂದು ಕೆಂಪು ಬಿಲ್ಲೆ. ಪಾಯಿಖಾನೆಗೆ ಹೋಗುವವಳು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು. ಏಳು ನಿಮಿಷದಲ್ಲಿ ವಾಪಸು ತರಬೇಕು. ಬಿಲ್ಲೆ ಇರುತ್ತಿದ್ದುದು ಸೂಪರ್‌ವೈಸರ್ ನೆನಿತಾಳ ಹತ್ತಿರ. ಐವತ್ತು ದಾಟಿದ ಹೆಂಗಸು. ಮೂವರು ಮಕ್ಕಳನ್ನು ಹೆತ್ತವಳು. ಹೋದವಳ ಹೆಸರಿನ ಮುಂದೆ ನಿಮಿಷ ಬರೆದುಕೊಳ್ಳುತ್ತಿದ್ದಳು.

ರಿಜಾಲಿನ್ ಪಾಯಿಖಾನೆಯ ಬಾಗಿಲು ಹಾಕಿಕೊಂಡು, ಏಪ್ರನ್ ಕಚ್ಚಿ ಹಿಡಿದು, ಎರಡೂ ಕೈಯಲ್ಲಿ ಎದೆ ಹಿಂಡುತ್ತಿದ್ದಳು. ಎಷ್ಟು ತೊಳೆದರೂ ಬೆರಳುಗಳಿಂದ ಮೀನಿನ ಎಣ್ಣೆ ಹೋಗುತ್ತಿರಲಿಲ್ಲ. ಹಾಲನ್ನು ಬಾಟಲಿಗೆ ಹಿಡಿಯುವ ಹಾಗಿಲ್ಲ. ಬಿಸಿ ಹಾಲು ಪಾಯಿಖಾನೆಯ ತೂತಿಗೆ ಹೋಗುತ್ತಿತ್ತು. ಪಕ್ಕದ ಗೂಡಿನಿಂದಲೂ ಅದೇ ಸದ್ದು ಕೇಳಿಸುತ್ತಿತ್ತು, ಬೇರೆ ಸಾಲಿನ ಯಾವಳೋ ಬಾಣಂತಿ. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಏಳು ನಿಮಿಷದಲ್ಲಿ ಮಾತಿಗೆ ಜಾಗವಿಲ್ಲ.

ಹಾಲುಣಿಸುವ ಕೋಣೆ ಇರಲಿಲ್ಲ ಅಂತಲ್ಲ. ಇತ್ತು. ದವಾಖಾನೆಗೆ ಹೋಗುವ ದಾರಿಯ ಕೊನೆಯಲ್ಲಿ. ಬಾಗಿಲ ಮೇಲೆ ತಾಯಿ ಮಗುವಿನ ಚಿತ್ರ, ಅದರ ಕೆಳಗೆ ಸರ್ಕಾರದ ಪ್ರಮಾಣಪತ್ರ, ಅದರ ಕೆಳಗೆ ಬೀಗ. ಬೀಗದ ಕೈ ಸಿಬ್ಬಂದಿ ವಿಭಾಗದ ಸರ್ ಬೆಂಹೂರ್ ಅವರ ಮೇಜಿನಲ್ಲಿ. ಒಂದು ಸಲ ಬಾಗಿಲು ತೆರೆದಿದ್ದಾಗ ರಿಜಾಲಿನ್ ಇಣುಕಿದ್ದಳು. ಒಳಗೆ ಡಬ್ಬಿಗೆ ಅಂಟಿಸುವ ಚೀಟಿಗಳ ಪೆಟ್ಟಿಗೆ, ಕಾಲು ಮುರಿದ ಕುರ್ಚಿ, ಹೋದ ವರ್ಷದ ಕ್ರಿಸ್‌ಮಸ್ ನಕ್ಷತ್ರ.

ಕಾರ್ಖಾನೆಯಲ್ಲಿ ಎರಡು ಬಗೆಯ ಟೋಪಿ. ಕಂಪನಿಯ ಕಾಯಂ ಕೆಲಸದವರಿಗೆ ನೀಲಿ. ಆಳು ಒದಗಿಸುವ ಏಜೆನ್ಸಿಯಿಂದ ಬಂದವರಿಗೆ ಹಳದಿ. ಕೈ ಕೆಲಸ ಒಂದೇ, ಚಾಕು ಒಂದೇ, ಮೀನು ಒಂದೇ. ಆರು ತಿಂಗಳಾದರೆ ಕಾಯಂ ಮಾಡಬೇಕಾಗುತ್ತದೆಂದು ಹಳದಿಯವರನ್ನು ಐದು ತಿಂಗಳಿಗೊಮ್ಮೆ ಕೆಲಸದಿಂದ ತೆಗೆದು ಮತ್ತೆ ಹೊಸಬರ ಹಾಗೆ ಸೇರಿಸಿಕೊಳ್ಳುತ್ತಿದ್ದರು. ನಾಲ್ಕು ವರ್ಷದಿಂದ ರಿಜಾಲಿನ್ ಹೀಗೇ ಹೊಸಬಳಾಗುತ್ತಿದ್ದಳು. ಹೆರಿಗೆ ರಜೆ ನೂರೈದು ದಿನ ಅಂತ ಕಾನೂನು. ಅಷ್ಟು ದಿನ ಕೂತರೆ ಹೆಸರು ಪಟ್ಟಿಯಲ್ಲಿ ಇರೋದಿಲ್ಲ ಎಂದು ಏಜೆನ್ಸಿಯವರು ಹೇಳಿದ್ದರು. ಅರವತ್ತನೆಯ ದಿನ ಅವಳು ಬೂಟು ಹಾಕಿಕೊಂಡಳು. ಗಂಡ ರೊದೆಲ್ ಮೀನಿನ ದೋಣಿಯಲ್ಲಿದ್ದ. ಮಗಳು ಹುಟ್ಟಿದ್ದನ್ನು ಅವನಿಗೆ ರೇಡಿಯೋದಲ್ಲಿ ಹೇಳಿದ್ದರು. ಮುಖ ಇನ್ನೂ ನೋಡಿರಲಿಲ್ಲ.

ಮಗು ತಾಲಾಳನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ ಪೂರಿಂಗ್. ಬೆಳಿಗ್ಗೆ ಸೊಸೆ ಹೊರಡುವ ಮುಂಚೆ ನುಗ್ಗೆಸೊಪ್ಪು ಹಾಕಿ ಮೀನಿನ ಸಾರು ಕುದಿಸಿ ಕುಡಿಸುತ್ತಿದ್ದಳು, ಹಾಲು ಬರಲಿ ಎಂದು. ಹಾಲು ಬರುತ್ತಿತ್ತು. ಬಂದು ಪಾಯಿಖಾನೆಗೆ ಹೋಗುತ್ತಿತ್ತು. ಅದನ್ನು ರಿಜಾಲಿನ್ ಅತ್ತೆಗೆ ಹೇಳಿರಲಿಲ್ಲ.

ಜುಲೈನಲ್ಲಿ ಎಡ ಎದೆ ಬಾತು ಕೆಂಪಾಯಿತು. ಕೈ ಎತ್ತಿದರೆ ಕಂಕುಳಿನವರೆಗೆ ಚಾಕು ಎಳೆದ ಹಾಗೆ ನೋವು. ಚಳಿ ಜ್ವರ. ಮೀನು ಕೆರೆಯುತ್ತ ಕೆರೆಯುತ್ತ ಅವಳು ಮೇಜಿನ ಮೇಲೇ ಬಾಗಿಬಿಟ್ಟಳು. ಕಾರ್ಖಾನೆಯ ದವಾಖಾನೆಯ ನರ್ಸು ಮುಟ್ಟಿ ನೋಡಿ, ಹಾಲು ಕಟ್ಟಿಕೊಂಡು ಕೀವಾಗುತ್ತಿದೆ ಎಂದಳು. ಜ್ವರದ ಮಾತ್ರೆ ಕೊಟ್ಟಳು. ಎದೆಗೆ ಬಟ್ಟೆ ಬಿಗಿದು ಹಾಲು ಬತ್ತಿಸಿಬಿಡು, ಕೆಲಸಕ್ಕೂ ಮಗುವಿಗೂ ಅದೇ ಸುಲಭ ಎಂದಳು. ಕಪಾಟಿನಿಂದ ಹಾಲುಪುಡಿಯ ಸಣ್ಣ ಡಬ್ಬಿ ತೆಗೆದು ಬಿಟ್ಟಿಯಾಗಿ ಕೈಗಿಟ್ಟಳು.

ಆ ಡಬ್ಬಿ ನಾಲ್ಕೇ ದಿನಕ್ಕೆ ಮುಗಿಯಿತು. ಮುಂದಿನದನ್ನು ಅತ್ತೆ ನೀರು ಜಾಸ್ತಿ ಹಾಕಿ ಕಲಸಿದಳು. ಬೀದಿಯ ಕೈಪಂಪಿನ ನೀರು. ವಾರದೊಳಗೆ ಮಗುವಿಗೆ ಭೇದಿ ಹಿಡಿಯಿತು. ಮೂರನೆಯ ದಿನ ತಾಲಾ ಅಳುವುದನ್ನೂ ಬಿಟ್ಟಳು. ಕಣ್ಣು ಒಳಗೆ ಹೋಗಿತ್ತು. ನೆತ್ತಿ ಗುಳಿ ಬಿದ್ದಿತ್ತು. ಪೂರಿಂಗ್ ಮಗುವನ್ನು ಎದೆಗೊತ್ತಿಕೊಂಡು ಆಟೋದಂಥ ಬಾಡಿಗೆ ಟ್ರೈಸಿಕಲ್ ಹತ್ತಿ ಆರೋಗ್ಯ ಕೇಂದ್ರಕ್ಕೆ ಓಡಿದಳು.

ಮಗು ಉಳಿಯಿತು. ಮೂರು ದಿನ ಕೈಗೆ ಸೂಜಿ ಚುಚ್ಚಿಸಿಕೊಂಡು ಉಳಿಯಿತು.

ಆರೋಗ್ಯ ಕೇಂದ್ರದ ಸೂಲಗಿತ್ತಿಯನ್ನು ಎಲ್ಲರೂ ಪಾನ್ಯಾಂಗಕ್ಕ ಎನ್ನುತ್ತಿದ್ದರು. ಆ ಬೀದಿಯ ಅರ್ಧ ಮಕ್ಕಳು ಅವಳ ಕೈಗೇ ಹುಟ್ಟಿದವು. ಅವಳು ರಿಜಾಲಿನ್‌ಳ ಎದೆಗೆ ಬಿಸಿ ಬಟ್ಟೆ ಒತ್ತಿ, ನೀವಿ, ನೋವಿಗೆ ಇವಳು ಹಲ್ಲು ಕಚ್ಚುತ್ತಿದ್ದರೂ ಬಿಡದೆ ಗಂಟು ಬಿಡಿಸಿದಳು. ಮತ್ತೆ ಮಗುವನ್ನು ಹಚ್ಚಿದಳು. ಆಮೇಲೆ ಕೇಳಿದಳು, ಡಬ್ಬಿ ಯಾರು ಕೊಟ್ಟರೆಂದು. ಕಾರ್ಖಾನೆಯ ನರ್ಸು ಎಂದಾಗ ಪಾನ್ಯಾಂಗ್ ಕೆಟ್ಟದಾಗಿ ಬೈದಳು. ಬಾಣಂತಿಯ ಕೈಗೆ ಹಾಗೆ ಡಬ್ಬಿ ಇಡುವುದು ತಪ್ಪು, ನೀನು ಹುಟ್ಟೋ ಮುಂಚಿನಿಂದ ಕಾನೂನಿದೆ ಎಂದಳು. ಎದ್ದು ಹೋಗಿ ಗೋಡೆಗೆ ಅಂಟಿಸಿದ್ದ ಕಾಗದವನ್ನೇ ಕಿತ್ತು ತಂದಳು.

"ಓದು. ನಿಂಗೆ ಓದೋಕೆ ಬರುತ್ತಲ್ಲ. ಎಂಟು ತಾಸಿನ ಕೆಲಸಕ್ಕೆ, ಹಾಲು ಕುಡಿಸೋಕೆ ಹಿಂಡೋಕೆ ನಲವತ್ತು ನಿಮಿಷ. ಊಟದ ಹೊತ್ತು ಬಿಟ್ಟು. ಸಂಬಳ ಹಿಡಿಯೋ ಹಾಗಿಲ್ಲ. ಜಾಗ ಕೊಡಬೇಕು, ಆ ಜಾಗ ಪಾಯಿಖಾನೆ ಆಗಿರಬಾರದು. ಬರ್ದಿದ್ದಾರೆ ನೋಡು, ಪಾಯಿಖಾನೆ ಅಂತಾನೇ ಬರ್ದಿದ್ದಾರೆ."

ರಿಜಾಲಿನ್ ಓದಿದಳು. ಮತ್ತೆ ಓದಿದಳು. ಅವಳಿಗೆ ಅಳು ಬರಲಿಲ್ಲ. ಇಷ್ಟು ದಿನ ಅದನ್ನು ತನ್ನ ಹಣೆಬರಹ ಅಂದುಕೊಂಡಿದ್ದಳು. ಅದು ಕದ್ದ ಮಾಲು. ದಿನಕ್ಕೆ ನಲವತ್ತು ನಿಮಿಷ ಯಾರೋ ತನ್ನ ಮಗಳ ಬಾಯಿಂದ ಕದಿಯುತ್ತಿದ್ದರು.

ಕೆಲಸಕ್ಕೆ ವಾಪಸಾದ ದಿನವೇ ಕಾಗದ ಹಿಡಿದು ಸರ್ ಬೆಂಹೂರ್ ಕೋಣೆಗೆ ಹೋದಳು. ಅವರು ಓದಲೂ ಇಲ್ಲ. ನಯವಾಗಿಯೇ ಮಾತಾಡಿದರು. ಈ ಕಾನೂನು ಕಂಪನಿಯ ನೌಕರರಿಗೆ, ನೀನು ಏಜೆನ್ಸಿಯವಳು, ಅಲ್ಲಿ ಕೇಳು ಎಂದರು. ಗೇಟಿನಾಚೆ ಏಜೆನ್ಸಿಯ ಕಚೇರಿ. ಅಲ್ಲಿದ್ದ ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಕೋಣೆ ಕಂಪನಿಯ ಗೇಟಿನ ಒಳಗಿದೆ, ನಮ್ಮದು ಇರೋದೇ ಈ ಒಂದು ಮೇಜು, ಇದರ ಕೆಳಗೆ ಕೂತು ಹಿಂಡ್ತೀಯಾ ಎಂದು ನಕ್ಕಳು. ರಿಜಾಲಿನ್ ಎರಡು ಸಲ ಆಚೆ ಈಚೆ ಓಡಾಡಿದಳು. ಊಟದ ಹೊತ್ತು ಮುಗಿಯಿತು. ಊಟ ಆಗಲಿಲ್ಲ.

ಸಾಲಿಗೆ ಬಂದಾಗ ನೆನಿತಾ ಅವಳನ್ನು ತಡೆದಳು.

"ಎಲ್ಲಿ ಹೋಗಿದ್ದೆ?"

"ಹಾಲು ಹಿಂಡೋಕೆ ಹೊತ್ತು ಕೇಳೋಕೆ, ಮ್ಯಾಮ್."

"ನಾನೂ ಮೂರು ಮಕ್ಕಳಿಗೆ ಇದೇ ಪಾಯಿಖಾನೇಲಿ ಹಿಂಡಿದೀನಿ. ಸತ್ತಿಲ್ಲವಲ್ಲ. ನಿನ್ನದೇನು ಬಂಗಾರದ ಹಾಲಾ?"

ಪಕ್ಕದ ಸಾಲಿನಲ್ಲಿ ನಿಂತಿದ್ದ ಜೆಮ್ಮಾ ಕಿಸಕ್ಕನೆ ನಕ್ಕಳು. ಅವಳದೂ ಆರು ತಿಂಗಳ ಕೂಸು. ನಕ್ಕಿದ್ದಕ್ಕೆ ಅವಳಿಗೇ ನಾಚಿಕೆಯಾಗಿ, ತಲೆ ತಗ್ಗಿಸಿ ಮೀನಿನ ಚರ್ಮ ಕೆರೆಯತೊಡಗಿದಳು. ಆ ದಿನ ಮಧ್ಯಾಹ್ನ ಪಾಯಿಖಾನೆಯ ಗೋಡೆಯಾಚೆಯಿಂದ ಜೆಮ್ಮಾ ಮೊದಲ ಸಲ ಮಾತಾಡಿಸಿದಳು. ಆ ಕಾಗದ ನಂಗೂ ಕೊಡೇ ಎಂದಳು. ಕಾಗದ ಗೋಡೆಯ ಕೆಳಗಿನಿಂದ ಹೋಯಿತು. ಜೆಮ್ಮಾಳಿಂದ ಮುಂದಿನ ಸಾಲಿಗೆ, ಅಲ್ಲಿಂದ ಡಬ್ಬಿ ತುಂಬುವ ವಿಭಾಗಕ್ಕೆ. ವಾಪಸು ಬಂದಾಗ ಮೀನಿನ ಎಣ್ಣೆಯಲ್ಲಿ ಅರ್ಧ ಅಕ್ಷರ ಕಾಣುತ್ತಿರಲಿಲ್ಲ.

ಆಗಸ್ಟ್ ಬಂತು. ಆಗಸ್ಟ್ ಎಂದರೆ ಎದೆಹಾಲಿನ ತಿಂಗಳು. ನಗರದ ಆರೋಗ್ಯ ಕಚೇರಿಯವರೂ ಕಾರ್ಮಿಕ ಇಲಾಖೆಯವರೂ ಕೂಡಿ ಕಾರ್ಖಾನೆಗಳನ್ನು ನೋಡಿಕೊಂಡು ಹೋಗಿ ಹೊಸ ಪ್ರಮಾಣಪತ್ರ ಕೊಡುತ್ತಾರೆ. ಆ ಪತ್ರ ಇದ್ದರೆ ಕಡಲಾಚೆಯ ಗಿರಾಕಿಗಳಿಗೆ ಸಂತೋಷ.

ಅವರು ಬರುವ ಎರಡು ದಿನ ಮುಂಚೆ ಕೋಣೆಯ ಬೀಗ ತೆಗೆದರು. ಪೆಟ್ಟಿಗೆಗಳನ್ನು ಹೊರಗೆ ಹೊತ್ತರು. ಹೊತ್ತವರು ಹಳದಿ ಟೋಪಿಯವರು. ಗೋಡೆಗೆ ತಿಳಿಗುಲಾಬಿ ಬಣ್ಣ, ಕಿಟಕಿಗೆ ಪರದೆ. ಮ್ಯಾನೇಜರ್ ಕೋಣೆಯ ಫ್ರಿಜ್ಜು ಬಂತು, ಅದರೊಳಗಿನ ತಂಪು ಪಾನೀಯ ತೆಗೆದು ನಾಲ್ಕು ಖಾಲಿ ಬಾಟಲಿ ಇಟ್ಟರು. ಮೆತ್ತನೆಯ ಕುರ್ಚಿಯೊಂದನ್ನು ಮೂಲೆಗೆ ಇಟ್ಟರು. ಈಗ ಅದರಲ್ಲಿ ಕೂರಲು ಒಬ್ಬ ತಾಯಿ ಬೇಕಾಗಿತ್ತು. ನೀಲಿ ಟೋಪಿಯವರಲ್ಲಿ ಎಳೆ ಮಗುವಿನ ತಾಯಿ ಯಾರೂ ಇರಲಿಲ್ಲ. ಕಾಯಂ ಮಾಡುವ ಹೊತ್ತಿಗೆ ಹೆಂಗಸರ ಹೆರುವ ವಯಸ್ಸೇ ಮುಗಿದಿರುತ್ತಿತ್ತು.

ಸರ್ ಬೆಂಹೂರ್ ರಿಜಾಲಿನ್‌ಳನ್ನು ಕರೆಸಿದರು. ಎದುರಿಗೆ ಹೊಸ ನೀಲಿ ಟೋಪಿ ಇಟ್ಟರು.

"ನಾಳೆ ಒಂದು ತಾಸು ಇದನ್ನ ಹಾಕ್ಕೋ. ಮಗೂನ ತರಿಸು, ಗೇಟಲ್ಲಿ ಹೇಳಿರ್ತೀನಿ. ಫೋಟೋ ತೆಗೀತಾರೆ. ಏನಾದ್ರೂ ಕೇಳಿದ್ರೆ ಥ್ಯಾಂಕ್ಯೂ ಅನ್ನು, ಸಾಕು. ಮುಂದಿನ ಸಲ ಕಾಯಂ ಪಟ್ಟಿ ಮಾಡೋವಾಗ ನಿನ್ನ ಹೆಸರು ನೆನಪಿಟ್ಕೊಂಡಿರ್ತೀನಿ."

ಟೋಪಿ ಹಗುರವಾಗಿತ್ತು. ನಾಲ್ಕು ವರ್ಷ ಅದಕ್ಕಾಗಿ ಕಾದಿದ್ದಳು. ಈಗ ಬಂದಿತ್ತು, ನಾಟಕದ ವೇಷದ ಹಾಗೆ. ಆಯ್ತು ಸರ್ ಎಂದಳು. ತನ್ನ ಹಳದಿ ಟೋಪಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು.

ಮರುದಿನ ಹತ್ತಕ್ಕೆ ಪೂರಿಂಗ್ ಮಗುವಿಗೆ ತೊಳೆದ ಅಂಗಿ ಹಾಕಿ ಗೇಟಿಗೆ ತಂದಳು. ಅಧಿಕಾರಿಗಳು ಬಂದರು. ಅವರಲ್ಲಿ ಕಾರ್ಮಿಕ ಇಲಾಖೆಯ ಒಬ್ಬ ಹೆಂಗಸು, ವಕೀಲಿಕೆ ಓದಿದವಳು, ಎಲ್ಲರೂ ಅವಳನ್ನು ಅಟರ್ನಿ ಎಂದೇ ಕರೆಯುತ್ತಿದ್ದರು. ಕನ್ನಡಕ, ಕೈಯಲ್ಲಿ ಕಡತ. ರಿಜಾಲಿನ್ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದಳು. ತಲೆಯ ಮೇಲೆ ನೀಲಿ ಟೋಪಿ, ಎದೆಗೆ ಮಗು. ಫೋಟೋ ಹೊಡೆದರು. ಆರೋಗ್ಯ ಕಚೇರಿಯ ಡಾಕ್ಟರು ಮಗುವಿನ ಕೆನ್ನೆ ಮುಟ್ಟಿ, ಎಷ್ಟು ಪುಣ್ಯವಂತೆ ನೀನು, ಇಂಥ ಕಂಪನಿ ಸಿಕ್ಕಿದೆ ಎಂದರು. ರಿಜಾಲಿನ್ ಥ್ಯಾಂಕ್ಯೂ ಎನ್ನಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ. ಎಲ್ಲರೂ ತಿಂಡಿಗೆ ಹೋದರು.

ಸರ್ ಬೆಂಹೂರ್ ಹಿಂದಿರುಗಿ ಬಂದರು. ಜೊತೆಗೆ ನೆನಿತಾ. ಆಯ್ತು, ಏಳು, ಅಜ್ಜಿಗೆ ಮಗು ಕೊಟ್ಟು ಹಿಂದಿನ ಗೇಟಿನಿಂದ ಕಳಿಸು, ಸಾಲಿಗೆ ಹೋಗು ಎಂದು ಟೋಪಿಗೆ ಕೈ ಚಾಚಿದರು.

ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಕೈಯಲ್ಲಿ ರಿಜಾಲಿನ್ ನೀಲಿ ಟೋಪಿ ತೆಗೆದು ಕೊಟ್ಟಳು. ಜೇಬಿನಿಂದ ಹಳದಿ ಟೋಪಿ ತೆಗೆದು ಹಾಕಿಕೊಂಡಳು. ಏಳಲಿಲ್ಲ.

"ಕೇಳಿಸಲಿಲ್ವಾ?"

"ಹನ್ನೊಂದು ನಿಮಿಷ ಆಯ್ತು ಸರ್. ಇನ್ನೂ ಇಪ್ಪತ್ತೊಂಬತ್ತು ಇದೆ."

"ಯಾರು ಕೊಟ್ರು ನಿಂಗೆ ನಲವತ್ತು ನಿಮಿಷ?"

"ನೀವು ಕೊಟ್ಟಿಲ್ಲ. ಅದಕ್ಕೇ ನೀವು ತಗೊಳ್ಳೋಕೂ ಆಗಲ್ಲ."

ಅವಳ ದನಿ ಏರಲಿಲ್ಲ. ಮಗು ಅಲುಗದ ಹಾಗೆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು. ಸರ್ ಬೆಂಹೂರ್ ಗೇಟಿನಿಂದ ಹೆಂಗಸು ಗಾರ್ಡನ್ನು ಕರೆಸಿದರು. ಎಬ್ಬಿಸು ಇವಳನ್ನ ಎಂದರು. ಗಾರ್ಡು ಬಂದು ನೋಡಿದಳು. ಮಗು ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯುತ್ತಿತ್ತು. ಸರ್, ಮಗು ಬಾಯಿ ಬಿಡಲಿ, ಆಮೇಲೆ ನೋಡ್ತೀನಿ ಎಂದು ಅವಳು ಗೋಡೆಗೆ ಒರಗಿ ನಿಂತಳು.

ಅಷ್ಟರಲ್ಲಿ ಜೆಮ್ಮಾ ಬಂದಳು. ಕೊರಳಲ್ಲಿ ಕೆಂಪು ಬಿಲ್ಲೆ. ಪಾಯಿಖಾನೆಯ ಕಡೆ ತಿರುಗದೆ ನೆಟ್ಟಗೆ ಇಲ್ಲಿಗೇ ಬಂದಿದ್ದಳು. ನೆನಿತಾ ಬಾಗಿಲಲ್ಲಿ ನಿಂತಿದ್ದಳು. ಅಡ್ಡ ಕೈ ಹಾಕಿದ್ದರೆ ಜೆಮ್ಮಾ ಹಿಂದಿರುಗುತ್ತಿದ್ದಳು. ನೆನಿತಾ ಕೈ ಹಾಕಲಿಲ್ಲ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ಅಷ್ಟೇ. ಸರ್ ಬೆಂಹೂರ್ ನೆನಿತಾಳ ಹೆಸರು ಹಿಡಿದು ಕೂಗಿದರು. ಅವಳು ಗೋಡೆಯ ಹೊಸ ಬಣ್ಣ ನೋಡುತ್ತಿದ್ದಳು.

ಜೆಮ್ಮಾಳ ಹಿಂದೆ ಬಿಲ್ಲೆ ಇಲ್ಲದೆ ಒಬ್ಬಳು ಬಂದಳು. ಆಮೇಲೆ ಇಬ್ಬರು. ಡಬ್ಬಿ ತುಂಬುವ ವಿಭಾಗದಿಂದ ಮೂವರು. ಯಾರೂ ಘೋಷಣೆ ಕೂಗಲಿಲ್ಲ. ಏಪ್ರನ್ ಬಿಚ್ಚಿದರು. ಬೇಸಿನ್ನಿನಲ್ಲಿ ಮೊಳಕೈವರೆಗೆ ಸೋಪು ಹಚ್ಚಿ ತಿಕ್ಕಿ ತೊಳೆದುಕೊಂಡರು. ಫ್ರಿಜ್ಜಿನಲ್ಲಿ ತೋರಿಕೆಗೆ ಇಟ್ಟಿದ್ದ ಬಾಟಲಿಗಳನ್ನು ತೆಗೆದು ಹಂಚಿಕೊಂಡರು. ನೆಲದ ಮೇಲೆ ಕಾಲು ಚಾಚಿ ಕೂತು ಹಿಂಡತೊಡಗಿದರು. ಮೀನಿನ ವಾಸನೆ, ಬಣ್ಣದ ವಾಸನೆ, ಹಾಲಿನ ವಾಸನೆ ಬೆರೆತು ಕೋಣೆ ತುಂಬಿತು. ಬಾಟಲಿಯ ತಳದಲ್ಲಿ ತಮ್ಮ ಹಾಲು ನಿಂತದ್ದನ್ನು ಅವರಲ್ಲಿ ಕೆಲವರು ನೋಡಿದ್ದೇ ಮೊದಲು. ಒಬ್ಬಳು ಬಾಟಲಿಯನ್ನು ಬೆಳಕಿಗೆ ಹಿಡಿದು, ಅಯ್ಯೋ, ಇಷ್ಟಿದೆಯಲ್ಲೇ ಎಂದಳು.

ಬಾಗಿಲಿಗೆ ಹೊಸ ಪ್ರಮಾಣಪತ್ರ ಅಂಟಿಸುವ ಫೋಟೋ ಒಂದು ಬಾಕಿ ಇತ್ತು. ತಿಂಡಿ ಮುಗಿಸಿ ಎಲ್ಲರೂ ಬಂದೇಬಿಟ್ಟರು. ಅಟರ್ನಿ ಹೊಸ್ತಿಲಲ್ಲೇ ನಿಂತಳು. ಒಬ್ಬೊಬ್ಬರನ್ನೂ ನೋಡಿದಳು. ಕುರ್ಚಿಯಲ್ಲಿದ್ದವಳ ತಲೆಯನ್ನೂ ನೋಡಿದಳು.

"ಆಗ ಇವಳ ಟೋಪಿ ನೀಲಿ ಇತ್ತು."

ಅವಳು ಸರ್ ಬೆಂಹೂರ್ ಕಡೆ ತಿರುಗಿದಳು.

"ಹಳದಿಯವರು ಯಾರು, ಸರ್ ಬೆಂಹೂರ್? ನಿಮ್ಮ ನೌಕರರಾ, ಅಲ್ವಾ?"

ಸರ್ ಬೆಂಹೂರ್ ಕೈಯಲ್ಲಿ ನೀಲಿ ಟೋಪಿ ಇನ್ನೂ ಇತ್ತು. ಅಲ್ಲ ಎಂದರೆ ಕೋಣೆಯಲ್ಲಿ ಕಂಪನಿಯ ಒಬ್ಬ ತಾಯಿಯೂ ಇಲ್ಲ, ಫೋಟೋ ಸುಳ್ಳು, ಪತ್ರವಿಲ್ಲ. ಹೌದು ಎಂದರೆ ಇಷ್ಟು ವರ್ಷ ಹೇಳಿಕೊಂಡು ಬಂದದ್ದೆಲ್ಲ ಸುಳ್ಳು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಅವರು ಪತ್ರವನ್ನು ನೋಡುತ್ತಿದ್ದರು.

"ನಮ್ಮವರೇ, ಅಟರ್ನಿ" ಎಂದರು ಸರ್ ಬೆಂಹೂರ್.

ಅಟರ್ನಿ ಕಡತ ತೆರೆದು ಅದನ್ನು ಬರೆದುಕೊಂಡಳು. ಎಂಟು ಜನರ ಹೆಸರು ಕೇಳಿ ಕೇಳಿ ಬರೆದುಕೊಂಡಳು.

ಪ್ರಮಾಣಪತ್ರ ಬಾಗಿಲಿಗೆ ಬಂತು. ಸಂಜೆ ರಿಜಾಲಿನ್‌ಳ ಫೋನಿಗೆ ಏಜೆನ್ಸಿಯಿಂದ ಎರಡು ಸಾಲು ಬಂತು. ನಾಳೆಯಿಂದ ಬರಬೇಡ, ಬೂಟು ಗೇಟಿನಲ್ಲಿ ಕೊಟ್ಟು ಹೋಗು. ವಾರದೊಳಗೆ ಜೆಮ್ಮಾಳಿಗೂ ಅದೇ ಸಾಲು. ಉಳಿದ ಆರು ಜನರನ್ನು ಮುಟ್ಟಲಿಲ್ಲ. ಹೆದರಿಸಲು ಇಬ್ಬರು ಸಾಕಾಗಿತ್ತು. ಆದರೆ ಆ ಕೋಣೆಗೆ ಮತ್ತೆ ಬೀಗ ಹಾಕಲು ಕಂಪನಿಗೂ ಧೈರ್ಯ ಬರಲಿಲ್ಲ. ಹಳದಿಯವರೂ ಈಗ ಅಲ್ಲಿಗೆ ಹೋಗುತ್ತಾರೆ. ನಲವತ್ತು ನಿಮಿಷ ಕೊಡುವುದಿಲ್ಲ, ಇಪ್ಪತ್ತು ಕೊಡುತ್ತಾರೆ. ಮುಂಬಾಗಿಲಿನ ಗೋಡೆಯ ಮೇಲೆ ದೊಡ್ಡದಾಗಿ ರಿಜಾಲಿನ್‌ಳ ಫೋಟೋ ಹಾಕಿದ್ದಾರೆ. ನೀಲಿ ಟೋಪಿ, ಎದೆಗೆ ಮಗು. ಕೆಳಗೆ ನಮ್ಮ ಕುಟುಂಬ ಎಂದು ಬರೆದಿದ್ದಾರೆ. ಆ ಗೇಟಿನೊಳಗೆ ಕಾಲಿಡಲು ಅವಳಿಗೆ ಅಪ್ಪಣೆಯಿಲ್ಲ.

ರೊದೆಲ್ ಕಡಲಿನಿಂದ ಬಂದವನು ಮೊದಲು ಬೈದ. ಕಾಯಂ ಪಟ್ಟಿ ಮಾಡೋವರೆಗೆ ಬಾಯಿ ಮುಚ್ಚಿಕೊಂಡು ಇರೋಕಾಗಲಿಲ್ವಾ ಎಂದ. ಉತ್ತರ ಕೊಟ್ಟವಳು ಪೂರಿಂಗ್. ಮೊಮ್ಮಗಳ ನೆತ್ತಿಯ ಮೇಲೆ ಮಗನ ಹೆಬ್ಬೆರಳನ್ನು ಇಟ್ಟು, ಇಲ್ಲಿ ಗುಳಿ ಬಿದ್ದಿತ್ತು, ನೀನು ನೋಡಿಲ್ಲ ಎಂದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಈಗ ರಿಜಾಲಿನ್, ಜೆಮ್ಮಾ ಇಬ್ಬರೂ ಬಂದರಿನ ಕಟ್ಟೆಯಲ್ಲಿ ಸೀಗಡಿ ಸುಲಿಯುತ್ತಾರೆ. ಕಾರ್ಮಿಕ ಕಚೇರಿಯಲ್ಲಿ ದಾವೆ ಹಾಕಿದ್ದಾರೆ. ಮೂರನೆಯ ವಿಚಾರಣೆಗೆ ಕಂಪನಿಯ ವಕೀಲರು ಬಂದು, ಇವರು ಎಂದೂ ನಮ್ಮ ನೌಕರರಾಗಿರಲಿಲ್ಲ ಎಂದರು. ವಿಚಾರಣೆಯ ಅಧಿಕಾರಿ ಅಟರ್ನಿಯ ವರದಿ ತೆಗೆದು, ನಮ್ಮವರೇ ಎಂಬ ಮಾತನ್ನು ಓದಿದರು. ವಕೀಲರು ಕಾಗದ ಹುಡುಕತೊಡಗಿದರು. ಸರ್ ಬೆಂಹೂರ್ ಕತ್ತಿನ ಪಟ್ಟಿ ಸಡಿಲ ಮಾಡಿಕೊಂಡರು. ಆ ಹೊತ್ತಿಗೆ ಸರಿಯಾಗಿ ತಾಲಾ ಅಳಲು ಹಿಡಿದಳು.

ಅಧಿಕಾರಿ ಕೆಟ್ಟವರಲ್ಲ. ಆದರೆ ಮುಜುಗರಪಟ್ಟರು. ಹೊರಗೆ ಬೆಂಚಿದೆ, ಅಲ್ಲಿ ಕುಡಿಸಿಕೊಂಡು ಬಾಮ್ಮಾ, ಅಲ್ಲಿಯವರೆಗೆ ನಾವು ಮುಂದುವರಿಸುತ್ತೇವೆ ಎಂದರು.

ರಿಜಾಲಿನ್ ಅಂಗಿಯ ಗುಂಡಿ ಬಿಚ್ಚಿದಳು. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಮಾತಾಡಿ ಸರ್. ನಾನು ಕೇಳಿಸ್ಕೋತೀನಿ."

ಮಗು ಕುಡಿಯುವ ಸದ್ದಿನ ನಡುವೆಯೇ ವಿಚಾರಣೆ ನಡೆಯಿತು. ಕೊನೆಗೆ ಕಂಪನಿಯ ವಕೀಲರು ರಾಜಿಗೆ ಬಂದರು. ಏಜೆನ್ಸಿಯ ಮೂಲಕವೇ ಹೊಸದಾಗಿ ಐದು ತಿಂಗಳಿಗೆ ಸೇರಿಸಿಕೊಳ್ಳುತ್ತೇವೆ, ಇಬ್ಬರನ್ನೂ, ಇವತ್ತೇ ಎಂದರು. ರಿಜಾಲಿನ್ ಆಗೋದಿಲ್ಲ ಎಂದಳು. ನಾಲ್ಕು ವರ್ಷದ ಹಿಂದಿನ ಮೊದಲ ದಿನದಿಂದ ಲೆಕ್ಕ ಹಿಡಿದು ಕಂಪನಿಯ ನೌಕರಳು ಎಂದು ಬರೆದು ಕೊಡಲಿ, ಇಲ್ಲದಿದ್ದರೆ ಬೇಡ. ಜೆಮ್ಮಾ ಅವಳ ಪಕ್ಕದಲ್ಲಿ ಕೂತು ತಲೆಯಾಡಿಸಿದಳು. ಅಧಿಕಾರಿ ಪೆನ್ನು ಕೆಳಗಿಟ್ಟರು. ಮೇಲ್ಮನವಿ, ಮತ್ತೊಂದು ಮೇಲ್ಮನವಿ, ಇದಕ್ಕೆ ವರ್ಷಗಳೇ ಹಿಡಿಯಬಹುದು, ಎಳೆ ಮಗು ಕಟ್ಟಿಕೊಂಡು ಎಷ್ಟು ಸಲ ಬರ್ತೀಯಮ್ಮ ಎಂದು ಕೇಳಿದರು. ಕನಿಕರದಿಂದಲೇ ಕೇಳಿದರು.

ಅವಳು ಮಗುವನ್ನು ಆ ಎದೆಯಿಂದ ಈ ಎದೆಗೆ ಬದಲಿಸಿಕೊಂಡಳು.

"ಇವಳು ಹಾಲು ಬಿಟ್ಟ ಮೇಲೂ ಬರ್ತೀನಿ ಸರ್. ಆಗ ನನ್ನ ಎರಡೂ ಕೈ ಖಾಲಿ ಇರ್ತವೆ."